ಚಾಕು ಹಿಡಿದ ಕೈಗೇ ಯಾಕೆ ಗಾಯ?

ಆ ಗೋದಾಮಿನಲ್ಲಿ ಬೆರಳಿಗೆ ಬ್ಯಾಂಡೇಜು ಇಲ್ಲದವರನ್ನು ಹುಡುಕಬೇಕಾದರೆ ಹೊಸಬರ ಹತ್ತಿರವೇ ಹೋಗಬೇಕು. ಹಳಬರಲ್ಲಿ ಒಬ್ಬರ ಗಾಯ ಮಾಯುವಷ್ಟರಲ್ಲಿ ಇನ್ನೊಬ್ಬರಿಗೆ ತಗುಲಿರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಲಾರಿಯಿಂದ ಇಳಿದ ಪೆಟ್ಟಿಗೆಗಳ ಪ್ಲಾಸ್ಟಿಕ್ ಪಟ್ಟಿ ಕುಯ್ಯುವುದು, ರಟ್ಟು ಬಿಡಿಸುವುದು, ಸಾಮಾನು ವಿಂಗಡಿಸುವುದು. ಎಲ್ಲರ ಜೇಬಿನಲ್ಲೂ ಒಂದೊಂದು ಮಡಚುವ ಚಾಕು. ರಕ್ತ ಬಂದರೆ ಒಂದು ಚಿಂದಿ ಸುತ್ತಿಕೊಂಡು ಮುಂದಿನ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಯಾಕೆ ಹೀಗಾಗುತ್ತಿದೆ ಎಂದು ಕೇಳುವಷ್ಟು ತ್ರಾಣ ಯಾರಲ್ಲೂ ಉಳಿದಿರುವುದಿಲ್ಲ.

ಅಲ್ಲಿ ಎಲ್ಲರಿಗಿಂತ ಹಳಬ ಟೇಪಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ಬೆವರಿದ ಕೈಯಲ್ಲಿ ಚಾಕು ಜಾರುತ್ತದೆ ಎಂದು ಅದರ ಹಿಡಿಗೆ, ವೈರಿಗೆ ಸುತ್ತುವ ಕರಿ ಟೇಪನ್ನು ಈ ತುದಿಯಿಂದ ಆ ತುದಿಯವರೆಗೆ ಬಿಗಿಯಾಗಿ ಸುತ್ತುವ ಉಪಾಯ ಅವನದೇ. ಹೊಸಬರು ಯಾರು ಬಂದರೂ ಮೊದಲ ದಿನ ಚಾಕುವನ್ನು ಅವನ ಕೈಗೆ ಕೊಡುತ್ತಾರೆ. ಊಟದ ಬಿಡುವಿನಲ್ಲಿ ಒಂದು ಸುಕ್ಕೂ ಬಾರದ ಹಾಗೆ ಸುತ್ತಿ, ಬ್ಲೇಡು ಮಡಚಿ ಕೂರುವ ಸಂದಿಯ ಮೇಲೆ ಬಂದ ಟೇಪನ್ನು ಮಾತ್ರ ಸೀಳಿ, "ಹೋಗು, ಇನ್ನು ಕೈ ಜಾರೋದಿಲ್ಲ" ಎನ್ನುತ್ತಾನೆ. ಆ ಮಾತು ಹೇಳುವಾಗ ಮಾತ್ರ ಅವನ ಮುಖದಲ್ಲಿ ದಣಿವು ಕಾಣುವುದಿಲ್ಲ.

ಆ ಸಂಜೆ ಮನೆಯಲ್ಲಿ ಅವನು ಟೇಪು ಸುತ್ತುತ್ತಿದ್ದದ್ದು ಮಗಳ ಹೊಸ ಚಾಕುವಿಗೆ. ಮರುದಿನದಿಂದ ಅವಳೂ ಅದೇ ಗೋದಾಮಿಗೆ ಕೆಲಸಕ್ಕೆ ಹೋಗುವವಳು. ಅವನ ಬಲಗೈ ತೋರುಬೆರಳಿಗೇ ಬ್ಯಾಂಡೇಜು ಇದ್ದುದರಿಂದ ಕೆಲಸ ಸಾಗುತ್ತಿರಲಿಲ್ಲ. ಹಲ್ಲಿನಿಂದ ಟೇಪು ಕಚ್ಚಿ ಎಳೆದು, ಮೊಣಕಾಲಿನ ಸಂದಿಯಲ್ಲಿ ಚಾಕು ಸಿಕ್ಕಿಸಿಕೊಂಡು, ಹೇಗೋ ಮುಗಿಸಿದ.

ಅಷ್ಟರಲ್ಲಿ ನಾದಿನಿ ಬಂದಳು. ಅವಳು ಆಸ್ಪತ್ರೆಯಲ್ಲಿ ಗಾಯಕ್ಕೆ ಮದ್ದು ಹಾಕುವ ಕೋಣೆಯ ನರ್ಸ್. ಭಾವನ ಬ್ಯಾಂಡೇಜು ಬದಲಿಸಲು ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ಚಪ್ಪಲಿ ಬಿಟ್ಟವಳೇ ಗೋಡೆಗೆ ಒರಗಿ ಕಾಲು ಚಾಚಿದಳು.

"ಅಕ್ಕಾ, ಮೊದಲು ಒಂದು ಲೋಟ ನೀರು ಕೊಡೇ. ನಿಂತೂ ನಿಂತೂ ಕಾಲು ಊದ್ಕೊಂಡಿವೆ. ಇವತ್ತೂ ನಿಮ್ಮ ಗೋದಾಮಿನವನೊಬ್ಬ ಬಂದಿದ್ದ ಭಾವ. ಅದೇ ಬೆರಳು, ಅದೇ ಜಾಗ. ಹೊಲಿಗೆ ಹಾಕಿ ಹಾಕಿ ನಮ್ಮ ಡಾಕ್ಟ್ರಿಗೂ ಸಾಕಾಗಿದೆ."

"ಚಾಕು ಅಂದ್ಮೇಲೆ ಕುಯ್ಯದೆ ಇನ್ನೇನು ಮುದ್ದು ಮಾಡುತ್ತಾ?" ಎಂದ ಟೇಪಣ್ಣ. "ನಮ್ಮ ಕೆಲಸಾನೇ ಅಂಥದ್ದು."

"ನಿಮ್ಮ ಚಾಕು ಚೆನ್ನಾಗಿದೆ ಅಂತ ನಿಮಗೆ ಹೇಗೆ ಗೊತ್ತು?"

ಟೇಪಣ್ಣ ತೋಳು ಮುಂದೆ ಮಾಡಿದ. ಮುಂಗೈ ಮೇಲೆ ಅಂಗೈ ಅಗಲ ಬೋಳಾಗಿತ್ತು. "ಇಲ್ಲಿ ಕೂದಲು ಬೋಳಿಸಿದ್ರೆ ಆಯ್ತು. ಹರಿತ ಇದೆ ಅಂತ ಅರ್ಥ."

"ಇವರ ಆ ಕೈಯಲ್ಲಿ ಕೂದಲು ನೋಡಿ ಎಷ್ಟು ಕಾಲ ಆಯ್ತೋ!" ಎಂದಳು ನೀರು ತಂದ ಹೆಂಡತಿ. "ಗಡ್ಡಕ್ಕಿಲ್ಲದ ಸೇವೆ ಆ ಕೈಗೆ."

ನಾದಿನಿ ನಗಲಿಲ್ಲ. ಅವಳಿಗೆ ನಗುವಷ್ಟು ಶಕ್ತಿ ಇರಲಿಲ್ಲ. ಹಳೆ ಬ್ಯಾಂಡೇಜು ಬಿಚ್ಚುತ್ತಾ ಕೇಳಿದಳು. "ಚಾಕು ಯಾವ ಕೈಲಿ ಹಿಡೀತೀರಿ?"

"ಇದೇನು ಪ್ರಶ್ನೆ? ಬಲಗೈಲಿ."

"ಗಾಯ ಯಾವ ಕೈಗೆ?"

ಟೇಪಣ್ಣ ತನ್ನ ಕೈಯನ್ನು ತಾನೇ ನೋಡಿಕೊಂಡ. ಬಲಗೈ.

"ಚಾಕು ಜಾರಿದ್ರೆ ಪೆಟ್ಟಿಗೆ ಹಿಡಿದಿರೋ ಕೈಗೆ ತಗುಲಬೇಕು. ನಿಮ್ಮವರಿಗೆಲ್ಲ ಚಾಕು ಹಿಡಿದ ಕೈಗೇ ತಗುಲಿರುತ್ತೆ, ಅದೂ ಬೆರಳಿನ ಒಳಭಾಗಕ್ಕೆ. ಇದು ಜಾರಿದ್ದಲ್ಲ ಭಾವ. ಕುಯ್ಯುವಾಗ ಚಾಕು ತಾನಾಗೇ ಮಡಚ್ಕೊಂಡಿದ್ದು."

"ಲಾಕ್ ಇರೋ ಚಾಕು ಹೇಗೆ ಮಡಚ್ಕೊಳ್ಳುತ್ತೆ? ಸುಮ್ನಿರು" ಎಂದ. ಆದರೆ ಮನಸ್ಸಿಗೆ ಗೋದಾಮಿನ ಎಡಚ ಬಂದ. ಎಡಗೈಯಲ್ಲಿ ಕೆಲಸ ಮಾಡುತ್ತಾನೆಂದು ಅವನಿಗೆ ಆ ಹೆಸರು. ಅವನ ಗಾಯ ಎಡಗೈಗೇ ಆಗಿತ್ತು. ಚಿಂದಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗದೆ ಉಳಿದ. ಇವತ್ತಿಗೂ ಆ ಬೆರಳು ಕೊಕ್ಕೆಯ ಹಾಗೆ ಬಾಗಿಯೇ ಇದೆ.

"ಪುಟ್ಟಿ, ಅಡುಗೆಮನೆಯಿಂದ ಆ ಹೆಚ್ಚೋ ಮಣೆ ತಗೊಂಡು ಬಾ" ಎಂದಳು ನಾದಿನಿ. "ನಿಮ್ಮ ಚಿಕ್ಕಪ್ಪ ಅಂಗಡೀಲಿ ಇಂಥ ಚಾಕು ಮಾರ್ತಾರೆ. ಕೊಡೋ ಮುಂಚೆ ಹೇಗೆ ನೋಡ್ತಾರೆ ಅಂತ ತೋರಿಸ್ತೀನಿ."

ಮಗಳು ಮಣೆ ತಂದಿಟ್ಟಳು. ನಾದಿನಿ ಭಾವನ ಹಳೆ ಚಾಕು ತೆರೆದಳು. ಹರಿತ ಇಲ್ಲದ ಬೆನ್ನಿನ ಕಡೆಯನ್ನು ಮಣೆಗೆ ತಾಗಿಸಿದಳು.

"ಹಿಡಿಯ ಎರಡು ಪಕ್ಕಕ್ಕೆ ಮಾತ್ರ ಬೆರಳು. ಬ್ಲೇಡು ಬಂದು ಕೂರೋ ಸಂದಿಗೆ ಒಂದು ಬೆರಳೂ ಅಡ್ಡ ಬರಬಾರದು. ಈಗ ಮೆಲ್ಲಗೆ ಕೆಳಗೆ ಒತ್ತೋದು. ಕುಟ್ಟಬಾರದು, ಒತ್ತಬೇಕು ಅಷ್ಟೆ."

ಒತ್ತಿದಳು. ಬ್ಲೇಡು ಒಂದು ಚೂರು ತಡೆದು, ಟಪ್ ಎಂದು ಮಡಚಿಕೊಂಡಿತು.

"ಅದು ಹಳೇದಾಯ್ತು" ಎಂದ ಟೇಪಣ್ಣ. "ಸವೆದಿದೆ. ಇದನ್ನ ನೋಡು, ಹೊಸದು." ಆಗಷ್ಟೇ ಟೇಪು ಸುತ್ತಿ ಮುಗಿಸಿದ್ದ ಮಗಳ ಚಾಕುವನ್ನು ತಾನೇ ಎಡಗೈಯಲ್ಲಿ ಹಿಡಿದು, ನಾದಿನಿ ತೋರಿಸಿದ ಹಾಗೆಯೇ ಮಣೆಗೆ ಒತ್ತಿದ. ಅದೂ ಟಪ್ ಎಂದು ಮಡಚಿಕೊಂಡಿತು.

ನಾದಿನಿ ಆ ಚಾಕುವಿನ ಟೇಪು ಬಿಚ್ಚಿ, ಅಂಟು ಒರೆಸಿ, ಮತ್ತೆ ಒತ್ತಿದಳು. ಈ ಸಲ ಅದು ಅಲುಗಲಿಲ್ಲ. ಇನ್ನಷ್ಟು ಒತ್ತಿದಳು. ಊಹೂಂ.

"ಇದನ್ನ ಮಡಚ್ಬೇಕಾದ್ರೆ ಹಿಡಿಯ ಬೆನ್ನಿನ ಮೇಲೆ ಎಲ್ಲಿ ಒತ್ತುತ್ತೀರಿ ಭಾವ?"

"ಇಲ್ಲಿ." ಹಿಡಿಯ ಹಿಂದಿನ ತುದಿಯಲ್ಲಿದ್ದ ಲಾಕನ್ನು ತೋರಿಸಿದ. ತೋರಿಸಿದ ಬೆರಳು ಅಲ್ಲೇ ನಿಂತಿತು. ಅರ್ಥವಾಗಿತ್ತು. ಅದನ್ನು ಒತ್ತಿದರೆ ಲಾಕು ಬಿಡುತ್ತದೆ. ಅವನ ಬಿಗಿ ಟೇಪು ಅದನ್ನು ದಿನವಿಡೀ ಒತ್ತಿ ಹಿಡಿದಿರುತ್ತಿತ್ತು. ಲಾಕು ಪೂರ್ತಿ ಕೂರುತ್ತಲೇ ಇರಲಿಲ್ಲ. ಟೇಪು ಸುತ್ತಿದ ಮೇಲೆ ಮಡಚುವುದು ಎಷ್ಟು ಸಲೀಸು ಎಂದು ಗೋದಾಮಿನವರೆಲ್ಲ ಹೊಗಳುತ್ತಿದ್ದರು, ಅವನು ಹಿಗ್ಗುತ್ತಿದ್ದ.

"ಎಷ್ಟು ಜನಕ್ಕೆ ಸುತ್ತಿಕೊಟ್ಟೆನಲ್ಲೇ" ಎಂದ ಹೆಂಡತಿಯ ಕಡೆ ತಿರುಗಿ. "ಇವಳಿಗೂ ಕೊಡ್ತಿದ್ದೆ."

"ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ರಾ? ನಾಳೆ ಹೋಗಿ ಬಿಚ್ಚಿ" ಎಂದಳು ಅವಳು.

"ಮತ್ತೆ ಕೈ ಬೆವರಿದ್ರೆ ಏನ್ ಮಾಡ್ಲಿ ಚಿಕ್ಕಮ್ಮ?" ಮಗಳು ಕೇಳಿದಳು.

"ಅಂಗೈಗೆ ರಬ್ಬರ್ ಇರೋ ಕೈಗವಸು ಕೇಳು. ಎಲ್ಲರೂ ಸೇರಿ ಸೂಪರ್‌ವೈಸರ್‌ನ ಕೇಳಿ. ಅದು ಬರೋವರೆಗೂ ಸೊಂಟಕ್ಕೆ ಒಂದು ಬಟ್ಟೆ ಸಿಕ್ಕಿಸ್ಕೊಂಡು ಆಗಾಗ ಒರೆಸ್ಕೋ. ಬ್ಲೇಡು ಆಕಡೆ ಈಕಡೆ ಅಲ್ಲಾಡಿದ್ರೆ ಕೀಲಿನ ಸ್ಕ್ರೂ ಬಿಗಿ ಮಾಡ್ಕೋ. ಹರಿತ ನೋಡ್ಬೇಕಾದ್ರೆ ಒಂದು ಕಾಗದ ಕುಯ್ದು ನೋಡು, ನಿಮ್ಮಪ್ಪನ ಹಾಗೆ ಕೈ ಬೋಳಿಸ್ಬೇಡ. ಮೊಂಡಾದ್ರೆ ಸಾಣೆ ಹಿಡಿಸು. ಮೊಂಡು ಚಾಕುಗೆ ಜೋರು ಹಾಕ್ತೀವಿ, ಜೋರು ಹಾಕಿದಾಗಲೇ ಕೈ ಕೆಡೋದು. ಮತ್ತೆ ಪಟ್ಟಿ ಕುಯ್ಯುವಾಗ ಯಾವಾಗಲೂ ನಿನ್ನ ಮೈಯಿಂದ ಆಚೆಗೆ."

ಇಷ್ಟು ಹೇಳಿ, ಭಾವನ ಬೆರಳಿಗೆ ಬ್ಯಾಂಡೇಜು ಕಟ್ಟಿ ಮುಗಿಸಿ, ಅಲ್ಲೇ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಮರುದಿನ ಊಟದ ಬಿಡುವಿನಲ್ಲಿ ಟೇಪಣ್ಣ ಮಣೆಯನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಎಲ್ಲರನ್ನೂ ಕರೆದ. "ಟೇಪಣ್ಣಂಗೆ ಟೇಪು ಬೇಜಾರಾಯ್ತಂತೆ" ಎಂದು ಯಾರೋ ನಕ್ಕರು. ಒಬ್ಬನ ಚಾಕು ಮಣೆಗೆ ಒತ್ತಿದ. ಟಪ್. ಇನ್ನೊಬ್ಬನದು ಒತ್ತಿದ. ಟಪ್. ನಗು ನಿಂತಿತು. ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು.

"ಸುತ್ತಿದ್ದು ನಾನು. ತಪ್ಪು ನಂದೇ" ಎಂದ ಟೇಪಣ್ಣ. "ಕೊಡಿ, ಬಿಚ್ತೀನಿ."

ಯಾರೂ ಮುಂದೆ ಬರಲಿಲ್ಲ. ಆಮೇಲೆ ಎಡಚ ಎದ್ದು ಬಂದು, ಬಾಗಿದ ಬೆರಳಿನ ಕೈಯಲ್ಲೇ ಚಾಕು ಚಾಚಿದ. ಟೇಪಣ್ಣನಿಗೆ ಅವನ ಮುಖ ನೋಡಲಾಗಲಿಲ್ಲ.

"ನಿನ್ನ ಬೆರಳು..." ಎಂದು ಶುರು ಮಾಡಿದ.

"ಅದು ಹೋಯ್ತು ಬಿಡು ಟೇಪಣ್ಣ. ಇನ್ನೂ ಒಂಬತ್ತು ಇವೆಯಲ್ಲ, ಅವಕ್ಕಾದ್ರೂ ಬಿಚ್ಚು."

ಟೇಪಣ್ಣ ಕೂತು ಬಿಚ್ಚತೊಡಗಿದ. ಗಾಯದ ಬೆರಳಿನಲ್ಲಿ ಟೇಪಿನ ತುದಿ ಸಿಗುತ್ತಿರಲಿಲ್ಲ. ಮಗಳು ಪಕ್ಕಕ್ಕೆ ಬಂದು ಕೂತು, ಉಗುರಿನಿಂದ ತುದಿ ಬಿಡಿಸಿ ಬಿಡಿಸಿ ಕೊಟ್ಟಳು. ಅವಳ ಹತ್ತು ಬೆರಳೂ ನೆಟ್ಟಗಿದ್ದವು. ಅವನು ಅದನ್ನೇ ನೋಡುತ್ತಾ ಬಿಚ್ಚಿದ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ದುಡಿದು ಬಂದು ದಣಿದಿದ್ದೀರಿ, ಗೊತ್ತು. ಆದರೂ ಈ ಹಾಳೆ ಕೆಳಗಿಟ್ಟು ನಿಮ್ಮ ಮಡಚುವ ಚಾಕು ಒಮ್ಮೆ ಈಚೆ ತೆಗೆಯಿರಿ. ಲಾಕಿನ ಮೇಲೆ ಟೇಪು, ದಾರ, ಬಟ್ಟೆ ಏನೇ ಇದ್ದರೂ ಬಿಚ್ಚಿ, ಸಂದಿಯ ಕಸ ಒರೆಸಿ. ಸಂದಿಯಿಂದ ಬೆರಳು ದೂರ ಇಟ್ಟುಕೊಂಡು, ತೆರೆದ ಬ್ಲೇಡಿನ ಬೆನ್ನನ್ನು ಮಣೆಗೆ ಮೆಲ್ಲಗೆ ಒತ್ತಿ ನೋಡಿ. ಮಡಚಿಕೊಂಡರೆ ಆ ಚಾಕುವಿನಲ್ಲಿ ಕೆಲಸ ಮಾಡಬೇಡಿ, ರಿಪೇರಿ ಮಾಡಿಸಿ, ಇಲ್ಲವೇ ಬದಲಾಯಿಸಿ. ಗಾಯವಾದರೆ ಹರಿಯುವ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಬೆರಳು ಮಡಚಲು, ಚಾಚಲು ಆಗದಿದ್ದರೆ ಅವತ್ತೇ ಹೋಗಿ, ನಾಳೆ ಎನ್ನಬೇಡಿ. ಎಡಚನೂ ನಾಳೆ ಎಂದೇ ಹೇಳಿದ್ದ.