ಜಾಣರ ಪಂಗತಿ

“ಏ ಕೆಂಚೀ, ನಿನ್ನ ಮಗಾ ಪುಸ್ತಕಾ ಹಿಡಕೊಂಡು ಕುಂತ್ರ ದನದ ಸಗಣಿ ನಿಮ್ಮಪ್ಪ ಬಂದು ಬಳೀತಾನೇನ?”

ಬೋರ್ಡಿಂಗಿನ ಕಾರಭಾರಿ ದುಂಡಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ. ಕೆಂಚವ್ವ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು. ತಾನೇ ಬಳಿಯುತ್ತೇನೆಂದಳು. ಅಷ್ಟರಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಓದುತ್ತಿದ್ದ ಯಲ್ಲಪ್ಪ ಪುಸ್ತಕ ಮುಚ್ಚಿ ಬುಟ್ಟಿ ಎತ್ತಿಕೊಂಡಿದ್ದ.

ಅದು ಗೋಕಾಕದ ವೀರಪ್ಪ ಸಾವಕಾರ ಬೆಲ್ಲದ ವ್ಯಾಪಾರದಲ್ಲಿ ಗಳಿಸಿ ಕಟ್ಟಿಸಿದ ಬೋರ್ಡಿಂಗು. ಬಡವರ ಮನೆಯ ಜಾಣ ಹುಡುಗರು ಅಲ್ಲಿದ್ದು ಇಂಗ್ಲಿಷ್ ಶಾಲೆ ಕಲಿಯಬಹುದಿತ್ತು. ಊಟ, ವಸತಿ ಎಲ್ಲ ಪುಕ್ಕಟೆ.

ಯಲ್ಲಪ್ಪ ಘೋಡಗೇರಿಯ ಹೊಲಗೇರಿಯವನು. ಊರ ಶಾಲೆಯಲ್ಲಿ ಕಿಟಕಿಯ ಹೊರಗೆ ಕುಳಿತು ಕಲಿತು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಹುಕ್ಕೇರಿ ತಾಲೂಕಿಗೇ ಮೊದಲಿಗನಾಗಿದ್ದ. ಗಂಡ ಸತ್ತ ಕೆಂಚವ್ವನಿಗೆ ಮುಂದಿನ ದಾರಿ ತಿಳಿಯದಾಗ ಆ ಶಾಲೆಯ ಬಸವಣ್ಣೆಪ್ಪ ಮಾಸ್ತರರೇ ತಾಯಿ ಮಗ ಇಬ್ಬರನ್ನೂ ಗೋಕಾಕಕ್ಕೆ ಕರೆತಂದರು. ಸಾವಕಾರ ಕಟ್ಟೆಯ ಮೇಲೆ ಕುಳಿತು ಬೆಲ್ಲದ ಪೆಂಟೆ, ತೂಕ, ದಲಾಲಿ ಎಂದು ತೊಡಕಿನ ಲೆಕ್ಕಗಳನ್ನು ಹಾಕಿದ. ಅಂಗಳದಲ್ಲಿ ನಿಂತ ಹುಡುಗ ಎಲ್ಲಕ್ಕೂ ಬಾಯಿಯಲ್ಲೇ ಉತ್ತರ ಹೇಳಿದ. ಸಾವಕಾರ ತೊಡೆ ತಟ್ಟಿ ನಕ್ಕು, ಯಾರ ಪೈಕಿ ಎಂದು ವಿಚಾರಿಸಿದ. ಮಾಸ್ತರರು ಹೇಳಿದರು. ನಗು ನಿಂತಿತು.

ಸಾವಕಾರ ಬಹಳ ಹೊತ್ತು ಎಲೆ ಅಡಿಕೆ ಅಗಿದ. ಈಚೆಗೆ ತಾಲೂಕಿನ ಮಾಮಲೇದಾರರು ಸಿಕ್ಕಾಗಲೆಲ್ಲ ಹರಿಜನರ ಮಾತು ತೆಗೆಯುತ್ತಾರೆ, ಅಂಥವನೊಬ್ಬ ಇರಲಿ ಎಂದ. ಆದರೆ ಹುಡುಗ ಕೊಟ್ಟಿಗೆಯಲ್ಲಿ ಮಲಗಬೇಕು. ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಹಿತ್ತಲಲ್ಲಿ ಉಣ್ಣಬೇಕು. ತಾಯಿ ಕುಳ್ಳು ತಟ್ಟಿ, ಕಟ್ಟಿಗೆ ಒಡೆದು ಕೊಡಬೇಕು. ಮಾಸ್ತರರು ತಲೆ ತಗ್ಗಿಸಿದರು. ಕೆಂಚವ್ವ ಮಾತ್ರ ಅಂಗಳದ ಮಣ್ಣಿನಲ್ಲಿ ಅಡ್ಡಬಿದ್ದು, ಸಾವಕಾರನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು.

ಸಾವಕಾರನ ತಮ್ಮನ ಮಗ ಸೋಮಪ್ಪನೂ ಅದೇ ಕ್ಲಾಸಿನಲ್ಲಿದ್ದ. ಸಂಜೆ ಅವನು ಕಂದೀಲು ಇಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದ. ಕೆಳಗೆ ಕತ್ತಲಲ್ಲಿ ನಿಂತು ಯಲ್ಲಪ್ಪ ಅವನಿಗೆ ಬೀಜಗಣಿತ ಹೇಳಿಕೊಡಬೇಕಿತ್ತು. ಸೋಮಪ್ಪ ಶಾಲೆಯಲ್ಲಿ ತಪ್ಪಿದರೆ, ನೀನು ಬೇಕಂತಲೇ ತಪ್ಪು ಕಲಿಸಿದೆ ಎಂದು ದುಂಡಪ್ಪ ಯಲ್ಲಪ್ಪನ ಕಾಲಿಗೆ ಬಾರಿಸುತ್ತಿದ್ದ. ಬಡಿಗೆಯಿಂದ ಹೊಡೆದರೆ ಮೈಲಿಗೆಯಿಲ್ಲ. ಬಾಸುಂಡೆಗೆ ಅರಿಷಿಣ ಹಚ್ಚುತ್ತ ಕೆಂಚವ್ವ ಒಂದು ದಿನ, ಊರಿಗೆ ಹೋಗೋಣ, ಸಾಕು ಈ ಶಾಲೆ ಎಂದಳು.

“ಬ್ಯಾಡಬೇ ಯವ್ವಾ,” ಎಂದ ಮಗ. “ಲೆಕ್ಕಕ್ಕ ನಾ ಯಾರ ಮಗಾ ಅಂತ ಗೊತ್ತಾಗಾಂಗಿಲ್ಲ. ಬಿಡಿಸಿದ್ರ ಬಿಡತೈತಿ.”

ಆಮೇಲೆ ಅವಳು ಆ ಮಾತು ತೆಗೆಯಲಿಲ್ಲ.

ಬೋರ್ಡಿಂಗಿನ ವಾರ್ಷಿಕೋತ್ಸವಕ್ಕೆ ಮಾಮಲೇದಾರರು ಬಂದರು. ಬೆಳಗಿನಿಂದ ಹಿತ್ತಲಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು ಗೋಧಿ ಹುಗ್ಗಿ ಕುದಿಸಿದರು. ಕೆಂಚವ್ವ ಒಲೆಯಿಂದ ದೂರ ಕುಳ್ಳು ಸುರಿದು ಸರಿದು ನಿಲ್ಲುವಳು. ಆಮೇಲೆ ಅಡಿಗೆಯವರು ಬಂದು ಎತ್ತಿಕೊಳ್ಳುವರು. ಪಕ್ಕದ ಚಪ್ಪರದಲ್ಲಿ ಎಲೆ ಹಾಕಿ ಊರ ಗಣ್ಯರನ್ನೆಲ್ಲ ಕೂರಿಸಿದ್ದರು. ಹುಗ್ಗಿ ಬಡಿಸುವ ಮೊದಲು ಇನಾಮು ಕೊಡುವುದೆಂದಾಯಿತು. ಸಾವಕಾರ ಎದ್ದು ನಿಂತು ಭಾಷಣ ಮಾಡಿದ. ಜಾಣತನ ಶಿವ ಕೊಟ್ಟದ್ದು, ಅದಕ್ಕೆ ಕುಲವಿಲ್ಲ, ನನ್ನ ಬೋರ್ಡಿಂಗಿನಲ್ಲಿ ಹೊಲೆಯರ ಹುಡುಗನೂ ಇದ್ದಾನೆ, ಈ ವರ್ಷ ಅವನೇ ಪಹಿಲಾ ನಂಬರು ಎಂದ. ಮಾಮಲೇದಾರರು ಚಪ್ಪಾಳೆ ತಟ್ಟಿದರು.

ಸೋಮಪ್ಪನಿಗೆ ಎರಡನೆಯ ಇನಾಮನ್ನು ಮಾಮಲೇದಾರರೇ ಹಾರ ಹಾಕಿ ಕೈಗಿತ್ತರು. ಯಲ್ಲಪ್ಪನ ಹೆಸರು ಬಂದಾಗ ಅವನು ಚಪ್ಪರದ ಹೊರಗೆ ನಿಂತು ಎರಡೂ ಕೈ ಒಡ್ಡಿದ. ಮಾಮಲೇದಾರರು ಅವನ ಕಡೆ ಹೆಜ್ಜೆ ಎತ್ತಿದರು. ಸಾವಕಾರ ಕೈಮುಗಿದು ಅವರನ್ನು ತಡೆದು, ದಪ್ಪ ಡಿಕ್ಷನರಿಯನ್ನು ಇಸಿದುಕೊಂಡು ಅಲ್ಲಿಂದಲೇ ಎಸೆದ. ಅದು ಹುಡುಗನ ಎದೆಗೆ ಬಡಿದು, ಎತ್ತುಗಳು ಉಚ್ಚೆ ಹೊಯ್ದ ರಾಡಿಯಲ್ಲಿ ಬಿತ್ತು. ಪಂಗತಿಯಲ್ಲಿ ಯಾರೋ ಕಿಸಕ್ಕೆಂದರು. ಮಾಮಲೇದಾರರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

“ತೊಗೋಲೇ, ನಾಚತಿ ಯಾಕ?” ಎಂದ ದುಂಡಪ್ಪ.

ಯಲ್ಲಪ್ಪ ಬಗ್ಗಿದ. ಇಂಥದೊಂದು ಪುಸ್ತಕಕ್ಕಾಗಿ ಅವನು ವರ್ಷವಿಡೀ ಆಸೆಪಟ್ಟಿದ್ದು ಕೆಂಚವ್ವನಿಗೆ ಗೊತ್ತಿತ್ತು.

“ಬಗ್ಗಬ್ಯಾಡ,” ಎಂದಳು.

ಹುಡುಗ ಬಗ್ಗಿದವನು ಹಾಗೇ ನಿಂತ. ಅವಳು ತಲೆಯ ಮೇಲಿನ ಕುಳ್ಳಿನ ಬುಟ್ಟಿ ಇಳಿಸಿದಳು. ನೆಟ್ಟಗೆ ಒಲೆಯ ಕಡೆ ನಡೆದಳು. ಅಡಿಗೆಯವರು ಮುಟ್ಟಿಯಾಳೆಂದು ಹೆದರಿ ತಾವೇ ಹಿಂದೆ ಸರಿದರು. ಅವಳು ಕೊಪ್ಪರಿಗೆಯೊಳಗಿನ ಮರದ ಹುಟ್ಟು ಹಿಡಿದು ತಳ ಮುಟ್ಟುವಂತೆ ಒಮ್ಮೆ ತಿರುವಿದಳು. ಪೇರಿಸಿಟ್ಟ ಎಲೆಗಳಲ್ಲಿ ಒಂದನ್ನು ಎಳೆದು ಹಾಸಿ ಹುಗ್ಗಿ ಬಡಿಸಿದಳು.

“ಕೆಟ್ಟಿತೋ, ಎಲ್ಲಾ ಕೆಟ್ಟಿತು,” ಎಂದ ಸಾವಕಾರ.

“ರಂಡೀ, ನಿನ್ನ ಕೈ ಕಡೀತೇನಿ,” ಎಂದು ದುಂಡಪ್ಪ ಬಡಿಗೆ ಎತ್ತಿಕೊಂಡು ಓಡಿಬಂದ. ಅವಳು ಹುಟ್ಟನ್ನು ಅವನ ಕಡೆ ಚಾಚಿದಳು. ಅದರಿಂದ ಹುಗ್ಗಿ ತೊಟ್ಟಿಕ್ಕುತ್ತಿತ್ತು. ದುಂಡಪ್ಪ ಬಡಿಗೆ ಎತ್ತಿದವನು ಎತ್ತಿದಂತೆಯೇ ಅಷ್ಟು ದೂರದಲ್ಲಿ ನಿಂತ.

“ಕಡಿಯಾಕ ಮುಟ್ಟಬೇಕಲ್ಲರಿ,” ಎಂದಳು.

ಆಮೇಲೆ ಮಗನನ್ನು ಕರೆದಳು. ಯಲ್ಲಪ್ಪ ರಾಡಿ ದಾಟಿ ಬಂದು ಎಲೆಯ ಮುಂದೆ ಕುಳಿತ. ಎಲೆ ಬಿಟ್ಟು ಎದ್ದವರೆಲ್ಲ ಸುತ್ತಲೂ ಬಂದು ನಿಂತರು. ಮಾಮಲೇದಾರರ ಟಾಂಗಾ ಹೊರಟ ಸದ್ದು ಕೇಳಿತು. ಅದರ ಹಿಂದೆಯೇ ಯಾರೋ ಹೆಬ್ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಹಾಕಿದರು.

ಕೆಂಚವ್ವ ಹುಟ್ಟನ್ನು ಕೆಳಗಿಡದೆ ಮಗನ ಪಕ್ಕ ನಿಂತಳು.

“ಬಿಸಿ ಐತಿ,” ಎಂದಳು. “ಊದಕೋತ ಉಣ್ಣು.”