ಉಡಿಯಿಂದ ತಿರುಗಿ ಬಂದ ಹಸಿರು ಖಣ

ನೀಲಗಂಗವ್ವ ತೀರಿಕೊಂಡಳೆಂಬ ಸುದ್ದಿ ಅಂಗಡಿಗೆ ಬಂದ ದಿನ, ಬೇಸಿಗೆಯ ರಿಯಾಯಿತಿ ಮಾರಾಟ ಆರಂಭವಾಗಿ ಎರಡು ದಿನಗಳಾಗಿದ್ದವು. ಬೆಳಗಿನ ಒಂಬತ್ತು ಗಂಟೆಗೇ ತಗಡಿನ ಮಾಡು ಕಾದಿತ್ತು. ಅಂಗಡಿಯ ಯಜಮಾನರಾದ ಈರಬಸಪ್ಪನವರು ಗಾದಿಯ ಮೇಲೆ ಕುಳಿತು ಯಾರಿಗೋ ಸೀರೆಯ ಸೆರಗು ಬಿಚ್ಚಿ ತೋರಿಸುತ್ತಿದ್ದರು. ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ.

"ಫಕೀರಪ್ಪನ ಹೇಣ್ತಿ ನೀಲಗಂಗವ್ವ ಹೋದ್ಳರಿ, ಸಾವಕಾರ್ರ. ನಸಿಕಿನ್ಯಾಗ ಎದಿ ನೋವಂತ ಕುಂತಾಕಿ ಏಳಲೇ ಇಲ್ಲಂತ. ಮುತ್ತೈದಿ ಸಾವು. ಉಡಿ ತುಂಬಾಕ ಖಣ ಬೇಕಾಗ್ಯಾವು."

ಈರಬಸಪ್ಪನವರ ಕೈಯಿಂದ ಸೆರಗು ಜಾರಿತು. ಅವರು "ಶಿವಶಿವಾ" ಎಂದರು. ನಾನು ಕಪಾಟಿನ ಮೂರನೆಯ ಅಂತಸ್ತಿನಲ್ಲಿದ್ದೆ. ಆ ಹೆಸರು ಕೇಳಿ ನನ್ನ ಮಡಿಕೆಗಳೆಲ್ಲ ತಣ್ಣಗಾದವು.

ನಾನು ಒಂದು ಹಸಿರು ಖಣ. ಖಣವೆಂದರೆ ಕುಬಸಕ್ಕೆ, ಅಂದರೆ ರವಿಕೆಗೆಂದೇ ನೇಯ್ದ ತುಂಡುಬಟ್ಟೆ. ಗುಳೇದಗುಡ್ಡದಲ್ಲಿ, ನೆಲದ ತಗ್ಗಿಗೆ ಕಾಲಿಳಿಸಿ ಕುಳಿತು ನೇಯುವ ಒಂದು ಕುಣಿಮಗ್ಗದಲ್ಲಿ ನನ್ನ ಜನನವಾಯಿತು. ನನ್ನ ಮೈ ಎಳೆಯ ಜೋಳದ ಗರಿಯ ಬಣ್ಣ, ಅಂಚು ಕೆಂಪು, ಮೈತುಂಬ ತುಳಸಿ ಎಲೆಯಷ್ಟೇ ಸಣ್ಣ ಹೂಗಳು. ಮಗ್ಗದ ಮೇಲೆ ನಾವು ಹತ್ತಾರು ಖಣಗಳು ಒಂದೇ ಮೈಯಾಗಿ ಇರುತ್ತೇವೆ. ನೇಕಾರ ಕತ್ತರಿ ಹಿಡಿದು ನಮ್ಮನ್ನು ಬೇರೆ ಬೇರೆ ಮಾಡುತ್ತಾನೆ. ಅಂದು ಅಂಟಿಕೊಂಡ ಕತ್ತರಿಯ ಭಯ ನನ್ನನ್ನು ಈವರೆಗೆ ಬಿಟ್ಟಿಲ್ಲ.

ಅಲ್ಲಿಂದ ರೋಣದ ಪೇಟೆಯಲ್ಲಿದ್ದ ಈರಬಸಪ್ಪನವರ ಜವಳಿ ಅಂಗಡಿಗೆ ಬಂದೆ. ಆ ಅಂಗಡಿಯಲ್ಲಿ ಪ್ರತಿ ಬೇಸಿಗೆಗೂ ಉಳಿದ ಬಟ್ಟೆಯನ್ನೆಲ್ಲ ಗಾದಿಯ ಮೇಲೆ ಗುಡ್ಡೆ ಹಾಕಿ ಕಡಿಮೆ ಬೆಲೆಗೆ ಮಾರುತ್ತಿದ್ದರು. ಗುಡ್ಡೆಗೆ ಬೀಳುವುದೆಂದರೆ ನಮಗೆ ದೊಡ್ಡ ದಿಗಿಲು. ನೂರು ಕೈಗಳು ಒಮ್ಮೆಲೆ ಇಳಿಯುತ್ತವೆ. ಎಳೆಯುತ್ತವೆ, ಹಿಂಜುತ್ತವೆ, ಬೆಳಕಿಗೆ ಹಿಡಿದು ತೂತು ಹುಡುಕುತ್ತವೆ, ಬೇಡವೆಂದು ಎಸೆಯುತ್ತವೆ.

ನೀಲಗಂಗವ್ವ ಒಬ್ಬಳೇ ಎಳೆಯುತ್ತಿರಲಿಲ್ಲ. ಅವಳು ಗುಡ್ಡೆಯ ಅಂಚಿಗೆ ಕುಳಿತು, ಮಲಗಿದ ಕೂಸನ್ನು ಎತ್ತಿಕೊಳ್ಳುವಂತೆ ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ.

"ಎಷ್ಟ ಛಂದ ಹಸರೈತಿ ನೋಡಣ್ಣಾ" ಎಂದು ಈರಬಸಪ್ಪನವರಿಗೆ ಹೇಳುತ್ತಿದ್ದಳು.

"ತೊಗೋಳವಾ ತಂಗಿ. ನಿನಗ ಒಪ್ಪತೈತಿ."

"ನಾ ತೊಗೊಂಡೇನ ಮಾಡ್ಲಿ? ಕುಬಸದ ಹಸರಿದು. ಏಳ ತಿಂಗಳಾದಾಕಿ ತೊಡಬೇಕು."

ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಖಣದ ಕುಬಸ ತೊಡಿಸಿ, ಉಡಿ ತುಂಬಿ ಹರಸುತ್ತಾರೆ. ಆ ಶಾಸ್ತ್ರಕ್ಕೆ ಕುಬಸವೆಂದೇ ಹೆಸರು. ನೀಲಗಂಗವ್ವನಿಗೆ ಅದು ಆಗಲಿಲ್ಲ. ಊರಿನ ಯಾವ ಕುಬಸಕ್ಕೂ ಅವಳನ್ನು ಕರೆಯುತ್ತಿರಲಿಲ್ಲ. ಅವಳು ನನ್ನನ್ನು ಸವರಿ, ಮೊದಲಿನ ಮಡಿಕೆಗೇ ಮಡಚಿ ಇಟ್ಟು ಹೋಗುತ್ತಿದ್ದಳು. ಅವಳು ಹೊಸ್ತಿಲು ದಾಟುವುದೇ ತಡ, ಗುಡ್ಡೆಯ ಸುತ್ತ ಪಿಸುಮಾತು ಏಳುತ್ತಿತ್ತು.

"ಅದನ್ನ ಬಿಡಬೇ. ಆಕಿ ಮುಟ್ಯಾಳ."

ನಾಲ್ಕು ಬೇಸಿಗೆ ನಾನು ಮಾರಾಟವಾಗದೆ ಉಳಿದದ್ದು ಅದಕ್ಕೇ. ನಾಲ್ಕೂ ಬೇಸಿಗೆ ಅವಳು ಬಂದಳು. ಐದನೆಯ ಬೇಸಿಗೆ, ನಾನಿನ್ನೂ ಕಪಾಟಿನಿಂದ ಗುಡ್ಡೆಗೆ ಬೀಳುವ ಮೊದಲೇ, ಅವಳ ಸಾವಿನ ಸುದ್ದಿ ಬಂತು.

ಈರಬಸಪ್ಪನವರು ಎದ್ದು ಹದಿನೈದು ಖಣ ಎಣಿಸಿದರು. ಆಮೇಲೆ ಕಪಾಟಿನಿಂದ ನನ್ನನ್ನು ಇಳಿಸಿ ಎಲ್ಲಕ್ಕೂ ಮೇಲಿಟ್ಟರು. ಅವರ ಕಣ್ಣು ತುಂಬಿತ್ತು. "ಇದನ್ನ ಮೊದಲ ಹಾಕ್ರಿ ಅಂತ ಹೇಳು ಹೆಣ್ಮಕ್ಕಳಿಗೆ" ಎಂದು ಮುದುಕನ ಕೈಗೆ ಗಂಟು ಕೊಟ್ಟರು. ಅಂಗಡಿಯಲ್ಲಿ ಅವರ ತಂದೆಯ ಕಾಲದಿಂದ ಒಂದು ನೇಮವಿತ್ತು. ಸಾವಿನ ಮನೆಗೆ ಹೋದ ಬಟ್ಟೆ ಉಳಿದರೂ ತಿರುಗಿ ಹೊಸ್ತಿಲು ಹತ್ತಬಾರದು.

ನೀಲಗಂಗವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ. ಹೊರಗೆ ಭಜನೆ ನಡೆದಿತ್ತು. ಓಣಿಯ ಹೆಂಗಸೊಬ್ಬಳು ನನ್ನನ್ನು ಮೊದಲು ಅವಳ ಉಡಿಗೆ ಹಾಕಿ ಅಕ್ಕಿ, ವಿಭೂತಿ, ಬಿಲ್ವಪತ್ರೆ ಇಟ್ಟಳು. ಉಳಿದ ಖಣಗಳು ನನ್ನ ಮೇಲೆ ಬಿದ್ದವು. ನಾನು ಅಷ್ಟು ವರ್ಷ ಬಲ್ಲ ಕೈಗಳು ಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದವು. ಆ ಉಡಿಯ ತಣ್ಪು ನನ್ನ ಎಳೆ ಎಳೆಗೂ ಇಳಿಯಿತು. ಹೆದರಿಕೆಯಾಯಿತು. ಆದರೂ, ಕಡೆಗೆ ಅವಳ ಉಡಿಗೆ ಬಂದೆನಲ್ಲಾ, ಅವಳ ಜೊತೆಗೇ ಹೋಗುತ್ತೇನೆ ಎಂದುಕೊಂಡೆ.

ಹೆಣ ಎತ್ತುವ ಹೊತ್ತಿಗೆ ಅವಳ ನಾದಿನಿ ಗುರವ್ವ ಬಗ್ಗಿದಳು.

"ಇಷ್ಟೆಲ್ಲಾ ಹೊಸಾ ಖಣ ಮಣ್ಣಿಗೆ ಕೊಡೂದೇನು? ಐದ ಇರ್ಲಿ, ಶಾಸ್ತ್ರಕ್ಕ ಸಾಕು."

ಅವಳು ಗಡಿಬಿಡಿಯಲ್ಲಿ ಮೇಲಿನ ಹತ್ತನ್ನು ಎಳೆದಳು. ತಳದಲ್ಲಿದ್ದ ನನ್ನ ಅಂಚು ಅವುಗಳಿಗೆ ಸಿಕ್ಕಿಕೊಂಡಿತ್ತು. ನಾನೂ ಬಂದುಬಿಟ್ಟೆ. ನೀಲಗಂಗವ್ವ ನನ್ನನ್ನು ಬಿಟ್ಟು ಹೋದಳು.

ಮರುದಿನ ಗುರವ್ವ, ತಿರುಗಿ ಕೊಟ್ಟು ದುಡ್ಡು ಪಡೆಯಲೆಂದು, ನಮ್ಮ ಗಂಟನ್ನು ಅಂಗಡಿಗೆ ತಂದಳು. ಈರಬಸಪ್ಪನವರು ಮನಸ್ಸು ಕೆಟ್ಟು ಮನೆಯಲ್ಲಿದ್ದರು. ಗಾದಿಯ ಮೇಲೆ ಅವರ ಅಕ್ಕನ ಮಗ ಚನ್ನವೀರ ಇದ್ದ. ನಲವತ್ತು ವರ್ಷದ ಮಾತುಗಾರ, ಆದರೆ ಅವಸರದ ಮನುಷ್ಯ. ಅಂಗಡಿಯ ತುಂಬ ಜನ. ಗುರವ್ವ "ಮುಟ್ಟಿಲ್ಲ, ಹಂಗ ಅದಾವು" ಎಂದು ಸುಳ್ಳು ಹೇಳಿದಳು. ಅವನು ನೇಮ ಮರೆತ. ಗಂಟು ಬಿಚ್ಚಿ ನಮ್ಮನ್ನು ರಿಯಾಯಿತಿಯ ಗುಡ್ಡೆಗೆ ಸುರಿದ.

ಆ ದಿನದ ನನ್ನ ಭಯವನ್ನು ಹೇಗೆ ಹೇಳಲಿ? ನನ್ನ ಮಡಿಕೆಯೊಳಗೆ ಸತ್ತವಳ ಉಡಿಯ ವಿಭೂತಿಯಿತ್ತು, ಒಂದು ಬಿಲ್ವದ ಎಲೆಯಿತ್ತು. ಮೇಲಿಂದ ಕೈಗಳು ಇಳಿಯುತ್ತಿದ್ದವು. ಪ್ರತಿಯೊಂದು ಕೈಯೂ ನನ್ನನ್ನು ದಾಟಿ ಹೋಗಲಿ ಎಂದು ಶಿವನನ್ನು ಬೇಡುತ್ತಿದ್ದೆ.

ಸಿದ್ದವ್ವನೆಂಬ ಹೆಂಗಸಿನ ಕೈ ನನ್ನನ್ನು ಹಿಡಿಯಿತು.

"ಇದಕ್ಕ ಹುಳಾ ಹತ್ತಿಲ್ಲಲ್ಲ?"

"ಹತ್ತಿದ್ರ ಹುಳಾ ಪುಕ್ಕಟೆ ಕೊಡ್ತೇನಿ, ಯಕ್ಕಾ."

"ನಿನ್ನ ನಾಲಿಗಿಗೂ ರಿಯಾಯಿತಿ ಹಚ್ಚಿ ಏನಲೇ ಚನ್ನವೀರ? ಸೊಸಿ ಕುಬಸಕ್ಕ ಬೇಕಾಗೇತಿ. ಖರೇ ಹೇಳು."

"ಕುಬಸಕ್ಕ ಇಂಥಾ ಹಸರ ಇಡೀ ಪ್ಯಾಟ್ಯಾಗ ಸಿಗೂದಿಲ್ಲ. ಕಣ್ಣ ಮುಚ್ಚಿ ತೊಗೊಂಡ ಹೋಗು."

ಅವಳು ತೆಗೆದುಕೊಂಡಳು. ನನಗೆ ಬಾಯಿ ಇಲ್ಲ.

ಸಿದ್ದವ್ವನ ಸೊಸೆ ದಾಕ್ಷಾಯಿಣಿಗೆ ಆಗ ಏಳು ತಿಂಗಳು. ಎರಡು ವರ್ಷದ ಹಿಂದೆ ಅವಳ ಮೊದಲ ಮಗು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗಿತ್ತು. ಈ ಸಲ ಆ ಮನೆಯಲ್ಲಿ ಯಾರೂ ಜೋರಾಗಿ ನಗುತ್ತಲೂ ಇರಲಿಲ್ಲ. ದಾಕ್ಷಾಯಿಣಿ ನನ್ನನ್ನು ತೆಗೆದುಕೊಂಡು ಮಡಿಕೆ ಬಿಚ್ಚದೆಯೇ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒಂದು ಸಣ್ಣ ಪೆಟ್ಟು ನನಗೆ ತಾಗಿತು. ಮರುಕ್ಷಣ ಅದು ನಿಂತಿತು. ನಾನು ಕಲ್ಲಾದೆ. ನನ್ನ ತಣ್ಪು ಆ ಕೂಸಿಗೆ ತಾಗಿತೇ? ಹೆಣದ ಉಡಿಯಿಂದ ನಾನು ಏನನ್ನು ಹೊತ್ತು ತಂದಿದ್ದೇನೆ? ಶಿವನೇ, ಇವಳು ನನ್ನನ್ನು ತೊಡದಂತೆ ಮಾಡು. ಬೇಕಾದರೆ ನನ್ನನ್ನು ಬೆಂಕಿಗೆ ಹಾಕು.

ಕುಬಸಕ್ಕೆ ಐದು ದಿನವಿತ್ತು. ನನ್ನನ್ನು ಓಣಿಯ ಸಿಂಪಿಗಿತ್ತಿ ಮಾಬೂಬಿಯ ಮನೆಗೆ ಕೊಟ್ಟರು. ಅವಳು ಸುಣ್ಣದ ಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು, ಕತ್ತರಿ ಎತ್ತಿಕೊಂಡು ನನ್ನನ್ನು ಕೊಡವಿದಳು. ನೆಲದ ಮೇಲೆ ನಾಲ್ಕು ಅಕ್ಕಿಕಾಳು, ಒಣಗಿದ ಬಿಲ್ವದೆಲೆ, ಒಂದು ಚಿಟಿಕೆ ವಿಭೂತಿ ಬಿದ್ದವು. ಮಾಬೂಬಿಯ ಕೈ ನಿಂತಿತು. ಓಣಿಯ ಸಾವುಗಳನ್ನೂ ಹೆರಿಗೆಗಳನ್ನೂ ಅವಳು ಬಹಳ ಕಂಡಿದ್ದಳು. ಬದುಕಿದವರ ಉಡಿಯಲ್ಲಿ ಅರಿಸಿನ ಕುಂಕುಮ ಇರುತ್ತದೆಯೇ ಹೊರತು ವಿಭೂತಿ ಇರುವುದಿಲ್ಲವೆಂದು ಅವಳು ಬಲ್ಲಳು.

ಕತ್ತರಿ ನನ್ನ ಅಂಚಿನ ಮೇಲೇ ಇತ್ತು. ಕತ್ತರಿಸಿ ಹೊಲಿದುಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಮಾಬೂಬಿ "ಯಾ ಅಲ್ಲಾ" ಎಂದು ಕತ್ತರಿ ಕೆಳಗಿಟ್ಟಳು. ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಿದ್ದವ್ವನ ಮನೆಗೆ ನಡೆದಳು.

"ಸಿದ್ದಕ್ಕಾ, ಕೂಗ್ಯಾಡಬ್ಯಾಡ. ಇದು ಹೆಣದ ಉಡ್ಯಾಗಿಂದು."

ಸಿದ್ದವ್ವ ಕೂಗಿದಳು. ಬಾಯಿ ಬಡಿದುಕೊಂಡಳು. ಮಾಬೂಬಿಯ ಕೈಯಿಂದ ನನ್ನನ್ನು ಕಸಿದು ಅಂಗಡಿಗೆ ಓಡಿದಳು. ಅಂದು ಈರಬಸಪ್ಪನವರು ತಿರುಗಿ ಗಾದಿಗೆ ಬಂದಿದ್ದರು. ತುಂಬಿದ ಅಂಗಡಿಯ ನಡುವೆ ಅವಳು ನನ್ನನ್ನು ಅವರ ಮುಂದೆ ಎಸೆದಳು.

"ಬಸರಿಗೆ ಹೆಣದ ಬಟ್ಟಿ ಮಾರ್ತೀರಿ? ನನ್ನ ಮನಿ ಒಂದ್ಸಲ ಹಾಳಾಗಿದ್ದ ಸಾಲದನ್ರಿ ನಿಮಗ?"

ಈರಬಸಪ್ಪನವರು ನೋಡಿದ ಕೂಡಲೇ ನನ್ನ ಗುರುತು ಹಿಡಿದರು. "ಚನ್ನವೀರಾ, ಇದ ಹೆಂಗ ಬಂತೋ?" ಎಂದರು. ಚನ್ನವೀರ "ಗುರವ್ವ ತಂದ್ಲು ಮಾಮಾ. ಗದ್ದಲದಾಗ ನಾ..." ಎಂದು ತಲೆ ತಗ್ಗಿಸಿದ.

ರಿಯಾಯಿತಿ ಮಾರಾಟ ಅಂದೇ ನಿಂತಿತು. ಗುರವ್ವ ತಂದ ಉಳಿದ ಖಣಗಳು ಯಾರ ಯಾರ ಮನೆ ಸೇರಿದ್ದವೋ ತಿಳಿಯದು. ಭಯ ಪೇಟೆಯನ್ನೆಲ್ಲ ಹಿಡಿಯಿತು. ಸಂಜೆಯವರೆಗೆ ಹೆಂಗಸರು ತಾವು ಕೊಂಡ ಖಣಗಳನ್ನು ಎರಡು ಬೆರಳಿನಲ್ಲಿ ಹಿಡಿದು ತರುತ್ತಲೇ ಇದ್ದರು. ಈರಬಸಪ್ಪನವರು ಒಬ್ಬರಿಗೂ ಎದುರಾಡದೆ ಹೊಸ ಖಣ ಕೊಟ್ಟರು. ಅಂಗಡಿ ಮುಚ್ಚಿ, ಗುಳೇದಗುಡ್ಡದ ಹೊಸ ಕಟ್ಟು ಒಡೆದು ಒಂದು ಹಸಿರು ಖಣ ತೆಗೆದು, ನನ್ನನ್ನೂ ತೆಗೆದುಕೊಂಡು ಬರಿಗಾಲಲ್ಲಿ ಸಿದ್ದವ್ವನ ಮನೆಗೆ ಹೋದರು.

ದಾಕ್ಷಾಯಿಣಿ ಕಂಬಕ್ಕೊರಗಿ ಕುಳಿತಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಮಧ್ಯಾಹ್ನದಿಂದ ಕೂಸು ಹೊರಳಿರಲಿಲ್ಲವಂತೆ.

"ತಪ್ಪ ಆಗೇತಿ ತಾಯಿ. ನನ್ನ ಅಂಗಡಿ ತಪ್ಪು" ಎಂದು ಈರಬಸಪ್ಪನವರು ಹೊಸ ಖಣ ಮುಂದಿಟ್ಟರು.

"ಯಾರ ಉಡೀದ್ರಿ ಅದು?" ದಾಕ್ಷಾಯಿಣಿ ಕೇಳಿದಳು.

"ನೀಲಗಂಗವ್ವಂದು."

"ಆ ಬಂಜಿದಾ!" ಸಿದ್ದವ್ವ ಚೀರಿದಳು. "ಅಯ್ಯ ನನ ಶಿವನ! ಆಕಿ ಆಸೇದ ಕಣ್ಣು ನನ್ನ ಮೊಮ್ಮಗನ ಮ್ಯಾಲ ಬಿತ್ತಲ್ಲೋ!"

ಈರಬಸಪ್ಪನವರು ಮೆಲ್ಲಗೆ ಹೇಳಿದರು. "ನಾಕ ವರ್ಷ ಇದನ್ನ ಎತ್ತಿ ನೋಡಿ ಇಟ್ಟ ಹೋಗತಿದ್ಲವ್ವಾ. ಒಂದ ದಿನಾ ಬೇಡಲಿಲ್ಲ. ಬದಕಿದ್ದಾಗ ಕೊಡಲಿಲ್ಲ ನಾನು. ಸತ್ತ ಮ್ಯಾಲೆ ಕೊಟ್ಟೆ. ಅದನ್ನೂ ಉಡ್ಯಾಗಿಂದ ಕಸಗೊಂಡ್ರು."

ದಾಕ್ಷಾಯಿಣಿ ನನ್ನನ್ನು ನೋಡಿದಳು. ಅವಳಿಗೂ ಹೆದರಿಕೆಯಿತ್ತು, ಇಲ್ಲವೆಂದು ನಾನು ಹೇಳಲಾರೆ. ಆದರೂ ಕೈ ಚಾಚಿ ನನ್ನನ್ನು ಎತ್ತಿಕೊಂಡಳು.

"ಮುಟ್ಟಬ್ಯಾಡಬೇ!" ಎಂದಳು ಅತ್ತೆ.

"ಅತ್ತಿ, ನನಗೂ ಉಡಿ ಖಾಲಿ ಆಗಿತ್ತಲ್ಲ. ಆವಾಗ ನನಗೂ ಹಿಂಗ ಅಂದಿದ್ರೇನು ಮಂದಿ?"

ಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಾಕ್ಷಾಯಿಣಿ ನನ್ನನ್ನು ನಾಲ್ಕು ಮಡಿಕೆ ಮಾಡಿ ಈರಬಸಪ್ಪನವರ ಕೈಗಿತ್ತಳು.

"ಆಕೀದು ಆಕೀಗೇ ಮುಟ್ಟಿಸ್ರಿ, ಸಾವಕಾರ್ರ. ಆಕಿ ಕುಬಸ ಇದು. ನಾ ತೊಡಬಾರದು."

"ಹಡದ ಮ್ಯಾಲ ಮುಟ್ಟಿಸ್ರಿ" ಎಂದಳು ಸಿದ್ದವ್ವ, ಅಳುತ್ತ. "ಅಲ್ಲೀತನಾ ಆಕಿ ಕುಣಿ ಕೆದರಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಹಾಗೆಯೇ ಆಯಿತು. ದಾಕ್ಷಾಯಿಣಿಯ ಕುಬಸ ಹೊಸ ಖಣದಲ್ಲಿ ನಡೆಯಿತು. ನನ್ನನ್ನು ಅಂಗಡಿಯ ದೇವರ ಗೂಡಿನಲ್ಲಿ, ದೀಪದ ಹಿಂದೆ ಇಟ್ಟರು. ಅಲ್ಲಿ ಎರಡು ತಿಂಗಳು ಕಳೆದೆ. ಕೂಸು ಮತ್ತೆ ಹೊರಳಿತೆಂದು ಮಾಬೂಬಿ ಬಂದು ಹೇಳಿದಳು. ಆದರೂ ಎಂಟನೆಯ ತಿಂಗಳು ಮುಂದಿತ್ತು. ಬಾಗಿಲಿಗೆ ಯಾರ ನೆರಳು ಬಿದ್ದರೂ ನನಗೆ ನಡುಕ. ಆ ಮುದುಕ ಬಂದು ನಿಂತಂತೆ ಮತ್ತೊಬ್ಬನು ಬಂದು ನಿಂತಾನು, ದಾಕ್ಷಾಯಿಣಿಯ ಹೆಸರು ಹೇಳಿಯಾನು. ಅವಳು ನನ್ನನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದ ಗಳಿಗೆಯನ್ನು ನೆನೆದು ಹಗಲೆಲ್ಲ ಶಿವನಾಮ ಹೇಳುತ್ತಿದ್ದೆ. ಈರಬಸಪ್ಪನವರೂ ಗೂಡಿಗೆ ದೀಪ ಹಚ್ಚುವಾಗ ಅದನ್ನೇ ಬೇಡುತ್ತಿದ್ದರೆಂದು ಬಲ್ಲೆ.

ಮುಂಗಾರಿನ ಮಿರಗದ ಮಳೆ ಬಿದ್ದ ಮೂರನೆಯ ದಿನ ಸಿದ್ದವ್ವ ಬಂದಳು. ಮುಖ ಕಂದಿತ್ತು. ಈರಬಸಪ್ಪನವರು ಗಾದಿಯಿಂದ ಎದ್ದು ನಿಂತರು. ಅವಳು ಮಾತಾಡದೆ ಒಂದು ಹಿಡಿ ಸಕ್ಕರೆಯನ್ನು ಅವರ ಅಂಗೈಗೆ ಸುರಿದಳು.

"ಹೆಣ್ಣ ಹುಟ್ಟೇತ್ರಿ. ಮೂರ ದಿನಾ ನೋವ ತಿಂದ್ಲು. ಇಬ್ಬರೂ ಅದಾರ."

ಅಷ್ಟು ಹೇಳಿ ಅವಳು ಗಾದಿಯ ಅಂಚಿಗೆ ಕುಸಿದು ಕುಳಿತು ಅತ್ತಳು.

ಮುಂದಿನ ಸೋಮವಾರ ಈರಬಸಪ್ಪನವರೂ ನೀಲಗಂಗವ್ವನ ಗಂಡ ಫಕೀರಪ್ಪನೂ ಮಳೆಗೆ ಮಣ್ಣು ಹಸಿಯಾಗಿದ್ದ ಸಮಾಧಿಗೆ ಹೋದರು. ಫಕೀರಪ್ಪ ಕೈಯಿಂದಲೇ ಮೊಣಕೈ ಆಳ ತೋಡಿದ. ನನ್ನ ಮೇಲೆ ಹೊಸ ಅಕ್ಕಿ, ಅರಿಸಿನ, ಕುಂಕುಮ ಇಟ್ಟರು. ವಿಭೂತಿ ಇಡಲಿಲ್ಲ. "ತೊಗೋ ನೀಲಾ, ನಿನ್ನ ಕುಬಸ" ಎಂದು ಫಕೀರಪ್ಪ ಮಣ್ಣೆಳೆದ.

ಈಗ ನಾನು ಅವಳ ಮೇಲಿನ ಮಣ್ಣಿನಲ್ಲಿದ್ದೇನೆ. ನನ್ನ ಎಳೆಗಳು ಒಂದೊಂದಾಗಿ ಬಿಡುತ್ತಿವೆ. ಗೆದ್ದಲು ಬರುತ್ತದೆ, ಹೋಗುತ್ತದೆ; ಅದಕ್ಕೆ ನನಗೀಗ ಹೆದರಿಕೆಯಿಲ್ಲ. ನನ್ನಿಂದ ಆ ಕೂಸಿಗೆ ಕೇಡು ತಟ್ಟೀತೆಂದು ಅಂಜಿದೆ. ಆಸೆಪಟ್ಟ ಒಬ್ಬ ಬಡವಿಯ ಬೆರಳುಗಳು ಯಾರಿಗೆ ಏನು ಕೇಡು ಮಾಡಿಯಾವೆಂದು ಒಮ್ಮೆಯೂ ಯೋಚಿಸಲಿಲ್ಲ. ಅವಳು ನನ್ನನ್ನು ಸವರಿದಾಗಲೆಲ್ಲ ನಾನು ಬೆಚ್ಚಗಾಗುತ್ತಿದ್ದೆ. ಅದನ್ನು ಮರೆತು ಅವಳ ಕೊನೆಯ ತಣ್ಪನ್ನೇ ನಂಬಿದೆ. ಆ ತಪ್ಪು ನನ್ನದೂ ಹೌದು.

ಶಿವನೇ, ನೀಲಗಂಗವ್ವನನ್ನು ನಿನ್ನ ಉಡಿಯಲ್ಲಿ ಇಟ್ಟುಕೋ. ಇಲ್ಲಿ ಯಾವ ಆರತಿಗೂ ಕರೆಸಿಕೊಳ್ಳದವಳನ್ನು ಅಲ್ಲಿ ಹೆಸರು ಹಿಡಿದು ಕರೆ. ಅವಳ ಜೀವಕ್ಕೆ ಶಾಂತಿ ಕೊಡು.