ತಳ ಕಂಡ ಕೆರೆ

ನಮ್ಮ ಕೆರೆ ಸತ್ತದ್ದು ಅದು ಎಂದೂ ಇಲ್ಲದಷ್ಟು ಚೆಂದ ಕಂಡ ವರ್ಷ, ಎಂಬತ್ತೆರಡರಲ್ಲಿ. ಕಲ್ಮಲದಾಚೆಯ ನಮ್ಮೂರಿನದು ಬಂಡೆಗಳ ನಡುವಿನ ಸಣ್ಣ ಕೆರೆ. ಕುಡಿಯಲು ಬಾವಿ ಇತ್ತು. ಕೆರೆ ಇದ್ದದ್ದು ಬಟ್ಟೆಗೆ, ಪಾತ್ರೆಗೆ, ಮತ್ತೆ ಮೀನು ಹಿಡಿದು ಬದುಕುವ ಮೌಲಾಹುಸೇನನ ಬಲೆಗೆ.

ಕೆರೆಯ ಮೇಲ್ಗಡೆ ಸಾಹುಕಾರ ಗಡಿಗೆಪ್ಪ ಹತ್ತಿಬೀಜದ ಶೆಡ್ಡು ಹಾಕಿದ್ದ. ಬಿತ್ತನೆ ಬೀಜಕ್ಕೆ ಅಂಟಿದ ಜುಂಗನ್ನು ಆಸಿಡ್‌ನಿಂದ ಸುಟ್ಟು, ಬೀಜ ತೊಳೆದ ನೀರನ್ನು ಕೆರೆಗೆ ಬಿಡುತ್ತಿದ್ದ. ಎರಡು ವರ್ಷದಲ್ಲಿ ಪಾಚಿ ಹೋಯಿತು, ಕಪ್ಪೆಗಳ ಗಲಾಟೆ ನಿಂತಿತು, ಕೊಕ್ಕರೆಗಳು ಬರುವುದನ್ನು ಬಿಟ್ಟವು. ನೀರು ತಿಳಿಯಾಗಿ ತಳದ ಕಲ್ಲು ಎಣಿಸುವಂತಾಯಿತು. ಹೆಂಗಸರ ಹಿತ್ತಾಳೆ ಕೊಡಗಳು ಹುಣಸೆಹಣ್ಣಿಲ್ಲದೆ ಹೊಳೆಯತೊಡಗಿದವು. ಕೆರೆ ಶುದ್ಧ ಮಾಡಿದ ಪುಣ್ಯಾತ್ಮನೆಂದು ಗಡಿಗೆಪ್ಪನಿಗೆ ಶಾಲು ಹೊದಿಸಿದೆವು. ಹಾರ ತಂದವನು ನಾನೇ.

ಆ ತಿಳಿನೀರಲ್ಲಿ ಮೊಳದುದ್ದದ ಮುದಿಮೀನೊಂದು ತಿರುಗುತ್ತಿತ್ತು. ಜನ ಏರಿಯ ಮೇಲೆ ನಿಂತು ನೋಡುತ್ತಿದ್ದರು.

"ಮೊದಲು ಹಿಂಗ ಮೀನ ಕಾಣತಿತ್ತೇನೋ ಯಪ್ಪಾ?" ಎಂದಳು ಕೊಡ ಹೊತ್ತು ನಿಂತಿದ್ದ ಚನ್ನಮಲ್ಲಮ್ಮ.

"ಅದೊಂದ ಉಳದದ ಯವ್ವಾ, ಅದಕ್ಕ ಕಾಣಾಕತ್ತದ," ಎಂದ ಮೌಲಾಹುಸೇನ. "ಎರಡು ವರ್ಷ ಆತು, ಒಂದು ಮರಿ ಕಂಡಿಲ್ಲ."

"ಎಲ್ಲಾ ನೀನ ಹಿಡದು ಮಾರಿದಿ, ಮರಿ ಎಲ್ಲಿಂದ ಬರಬೇಕು?" ಎಂದ ಗಡಿಗೆಪ್ಪ. ಎಲ್ಲರೂ ನಕ್ಕೆವು.

ಮೌಲಾಹುಸೇನ ದಡದ ಬಸವನಹುಳುವಿನ ಚಿಪ್ಪೊಂದನ್ನು ಎತ್ತಿ ಎರಡು ಬೆರಳಲ್ಲಿ ಒತ್ತಿದ. ಹಪ್ಪಳದ ಹಾಗೆ ಪುಡಿಯಾಯಿತು. ನಾವು ಆಗಲೂ ಮೀನನ್ನೇ ನೋಡುತ್ತಿದ್ದೆವು.

ಅವನ ಹೆಂಡತಿ ಬಿಸ್ಮಿಲ್ಲಾ ಬೀ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳಂತೆ: "ಹುಣಸಿ ರಸಕ್ಕ ಸುಣ್ಣ ಬಿದ್ರ ಹುಳಿ ಸಾಯ್ತದ. ಕೆರಿಗೂ ಹಾಕಿ ನೋಡ್ರಿ." ಮರುದಿನವೇ ಅವನು ಒಂದು ಬಂಡಿ ಸುಣ್ಣ ತಂದು, ಬೀಜದ ನೀರು ಬಂದು ಸೇರುವ ಮೂಲೆಗೆ ಸುರಿದ. ನೀರು ಬೆಳ್ಳಗೆ ಕದಡಿತು, ಮೀನು ಕಾಣದಾಯಿತು.

ಊರು ಸಿಡಿದೆದ್ದಿತು. ಪಂಚರು ಕೂತರು.

"ಸಾವ್ಕಾರ್ರ, ಒಂದು ತಿಂಗಳು ಬಿಡ್ರಿ. ಹಾಲಿನಂಗ ಕಂಡರೂ ಒಳಗ ನೀರು ಬದುಕತದ," ಎಂದು ಮೌಲಾಹುಸೇನ ಕೈಮುಗಿದ.

"ಬೆಳ್ಳಗಿರೋದೆಲ್ಲಾ ಹಾಲಲ್ಲೋ ಮೌಲಾ," ಎಂದ ಗಡಿಗೆಪ್ಪ.

ಕೆರೆ ಹೊಲಸು ಮಾಡಿದ ತಪ್ಪಿಗೆ ಮೌಲಾಹುಸೇನ ಇನ್ನು ಬಲೆ ಬೀಸಕೂಡದು ಎಂದಾಯಿತು. ಕೆರೆಯ ಉಸ್ತುವಾರಿಯನ್ನು ಗಡಿಗೆಪ್ಪನಿಗೇ ವಹಿಸಿದೆವು.

ಮಳೆ ಬಿದ್ದ ಮೇಲೆ ಒಂದು ಸಂಜೆ ಸುಣ್ಣದ ಮೂಲೆಯಲ್ಲಿ ಕಪ್ಪೆ ಕೂಗಿತು. ಒಂದೇ ಒಂದು ಕಪ್ಪೆ. ರಸ್ತೆಯಲ್ಲಿ ನಿಂತಿದ್ದ ಮೌಲಾಹುಸೇನ ಅದನ್ನು ಕೇಳಿ ಅತ್ತುಬಿಟ್ಟ. ಆ ಅಳುವಿನ ಅರ್ಥ ನನಗೆ ಗೊತ್ತಾಯಿತು, ಆದರೂ ಹೋಗಿ ಗಡಿಗೆಪ್ಪನ ಪಕ್ಕ ನಿಂತೆ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

"ಮತ್ತ ಹೊಲಸು ಸುರು ಆತು ನೋಡ್ರಿ," ಎಂದ ಗಡಿಗೆಪ್ಪ. "ಚಿಂತಿ ಮಾಡಬ್ಯಾಡ್ರಿ, ನಾಳೆಯಿಂದ ಬೀಜ ತೊಳಿಯೋದದ."

ವಾರದೊಳಗೆ ಕಪ್ಪೆ ಸುಮ್ಮನಾಯಿತು. ಮೌಲಾಹುಸೇನ ಬಲೆ ಹೆಗಲಿಗೇರಿಸಿ, ಹೆಂಡತಿಯನ್ನು ಕರೆದುಕೊಂಡು, ಹೊಳೆ ಇರುವ ಚೀಕಲಪರ್ವಿಗೆ ಹೊರಟುಹೋದ. ಕೆರೆ ಕೆಡಿಸುವವನು ತೊಲಗಿದನೆಂದು ಊರು ನಿರಾಳವಾಯಿತು. ನೀರು ಮತ್ತೆ ತಿಳಿಯಾಯಿತು. ಏರಿಯ ಮೇಲೆ ನಿಂತು ಎಲ್ಲರೂ ಇಣುಕಿದೆವು. ತಳದ ಕಲ್ಲುಗಳು ಸ್ಪಷ್ಟವಾಗಿ ಕಂಡವು, ಮುದಿಮೀನು ಅವುಗಳ ಮೇಲೆ ಮಗ್ಗುಲಾಗಿ ಮಲಗಿತ್ತು.